ಅಪ್ಪನ ಪ್ರೊಜೆಕ್ಟರ್ ಡಬ್ಬಿಯನ್ನು ಹೇಗೆ ಕಾಪಾಡಲಿ?

ಪ್ರಶ್ನೆ:
ಅಪ್ಪ ಮಂಗಳೂರಿನ ಚಿತ್ರಮಂದಿರವೊಂದರಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದರು. ಆ ಕಟ್ಟಡ ಈಗಿಲ್ಲ. ಅಟ್ಟದಲ್ಲಿ ಅವರ ತಗಡಿನ ಡಬ್ಬಿ ಸಿಕ್ಕಿತು: ಪ್ರೊಜೆಕ್ಟರ್ ದೀಪಕ್ಕೆ ಉರಿಸುತ್ತಿದ್ದ, ಅರ್ಧ ಉರಿದ ಕಾರ್ಬನ್ ಕಡ್ಡಿಗಳು, ಗುಲಾಬಿ ಬಣ್ಣದ ಬಾಲ್ಕನಿ ಟಿಕೆಟ್‌ಗಳು, ಒಂದು ಸುರುಳಿ ಫಿಲ್ಮ್. ಮುಚ್ಚಳ ತೆಗೆದರೆ ಮೂಗಿಗೆ ಹೊಡೆಯುವ ಹುಳಿ ವಾಸನೆ. ಮಳೆಗಾಲ ಹತ್ತಿರವಿದೆ, ಏನು ಮಾಡಲಿ?

ಉತ್ತರ 1:
ಅದು ವಿನೆಗರ್ ವಾಸನೆ. ಅಸಿಟೇಟ್ ಎಂಬ ಪ್ಲಾಸ್ಟಿಕ್‌ನಿಂದ ಮಾಡಿದ ಫಿಲ್ಮ್ ಕೊಳೆಯುತ್ತಿದೆ. ನಮ್ಮ ಕರಾವಳಿಯ ಸೆಕೆ, ತೇವ ಅದನ್ನು ಇನ್ನೂ ಬೇಗ ತಿನ್ನುತ್ತವೆ. ಡಬ್ಬಿಯಿಂದ ಇಂದೇ ಹೊರತೆಗೆಯಿರಿ. ಗಾಳಿಯಾಡುವ, ತಂಪಾದ, ಒಣ ಜಾಗದಲ್ಲಿ, ಬೇರೆ ಫಿಲ್ಮ್‌ಗಳಿಂದ ದೂರವಿಡಿ. 1964ರಲ್ಲಿ ಆರಂಭವಾದ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೂ ಬರೆಯಿರಿ.

ಉತ್ತರ 2 (ಉಡುಪಿಯಿಂದ):
ಟಿಕೆಟ್‌ಗಳಿಗೆ ಲ್ಯಾಮಿನೇಷನ್ ಮಾತ್ರ ಬೇಡ, ಕೈಮುಗಿಯುತ್ತೇನೆ. ನನ್ನವು ಹಾಗೆಯೇ ಹಾಳಾದವು. ಮಂಗಳೂರಿನ ಜ್ಯೋತಿ ಟಾಕೀಸ್ ಕಟ್ಟಡ ಹೋದರೂ ಬಸ್ ಕಂಡಕ್ಟರ್‌ಗಳು ಅಲ್ಲಿನ ನಿಲ್ದಾಣಕ್ಕೆ ಇನ್ನೂ ‘ಜ್ಯೋತಿ, ಜ್ಯೋತಿ’ ಎಂದು ಕೂಗುವುದನ್ನು ಕೇಳಿದಾಗ ಗಂಟಲು ಕಟ್ಟುತ್ತದೆ.

ಪ್ರಶ್ನೆ ಕೇಳಿದವರು:
ಫಿಲ್ಮ್ ಹೊರತೆಗೆದೆ. ಒಂದು ಟಿಕೆಟಿನ ಹಿಂದೆ ಅಪ್ಪನ ಪೆನ್ಸಿಲ್ ಬರಹವಿದೆ: ‘7ನೇ ರೀಲ್ ತುಂಡಾಗಿತ್ತು, ಅಂಟಿಸಿದ್ದೇನೆ, ನಿಧಾನ.’ ಮುಂದಿನ ಪಾಳಿಯವರಿಗಾಗಿ ಬರೆದದ್ದಿರಬೇಕು.