ಮಡಿಕೇರಿಯಲ್ಲಿ ಮನೆ ಖಾಲಿ ಮಾಡಿ ಅಂದಿದ್ದಾರೆ, ಬಾಡಿಗೆಗೆ ಸರ್ಕಾರದಿಂದ ಏನಾದರೂ ಸಿಗುತ್ತಾ?

ಚೈನ್‌ಗೇಟ್ ಅಕ್ಕ

ಎಲ್ಲರಿಗೂ ನಮಸ್ಕಾರ. ಏಳು ವರ್ಷದಿಂದ ಮಡಿಕೇರಿಯಲ್ಲಿ ಒಂದೇ ಮನೆಯಲ್ಲಿದ್ದೇವೆ. ಹೆಂಚಿನ ಮನೆ, ಎರಡು ಕೋಣೆ, ಬಾಡಿಗೆ 5,500. ಹೋದ ಭಾನುವಾರ ಓನರ್ ಆಂಟಿ ಬಂದು, ಕೂತು ಕಾಫಿ ಕುಡಿದು, "ಮಗ ಬೆಂಗಳೂರು ಬಿಟ್ಟು ಬರ್ತಿದ್ದಾನೆ, ಇದನ್ನ ಹೋಂಸ್ಟೇ ಮಾಡ್ತಾನಂತೆ, ಮುಂದಿನ ತಿಂಗಳ ಕೊನೆಗೆ ಬಿಟ್ಟುಕೊಡಿ" ಅಂದರು. ಜಗಳ ಏನಿಲ್ಲ, ಒಳ್ಳೆಯವರೇ. ಅಗ್ರಿಮೆಂಟ್ ಮಾತ್ರ ಯಾವತ್ತೂ ಮಾಡಿಕೊಂಡಿಲ್ಲ.

ನಾನು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ, ಸಂಬಳ 13,000. ನಮ್ಮವರದ್ದು ಪಿಕಪ್. ಅವರಿಗೆ ಬಾಡಿಗೆ ಸಿಕ್ಕರೆ ನಾವು ಬಾಡಿಗೆ ಕಟ್ಟೋದು, ಮಳೆಗಾಲದಲ್ಲಿ ಎರಡೂ ಕಷ್ಟ. ದೊಡ್ಡವಳು ಈ ವರ್ಷ ಎಸ್ಸೆಸ್ಸೆಲ್ಸಿ. ಊರೆಲ್ಲ ಸುತ್ತಿದೆವು, 9,000ಕ್ಕೆ ಕಮ್ಮಿ ಯಾರೂ ಹೇಳ್ತಿಲ್ಲ, ಅಡ್ವಾನ್ಸ್ 50,000. ಅಂಗಡಿಯಲ್ಲಿ ಒಬ್ಬರು ಪ್ರಧಾನಮಂತ್ರಿ ಆವಾಸ್‌ನಲ್ಲಿ ಈಗ ಬಾಡಿಗೆಗೂ ಸಹಾಯ ಇದೆ ಅಂದರು. ಇನ್ನೊಬ್ಬರು 2018ರಲ್ಲಿ ಮಳೆಗೆ ಮನೆ ಹೋದವರಿಗೆ ತಿಂಗಳಿಗೆ 10,000 ಬಾಡಿಗೆ ಕೊಟ್ಟಿದ್ದರಲ್ಲ, ಕೇಳಿ ನೋಡಿ ಅಂದರು. ಯಾರಿಗಾದರೂ ಸಿಕ್ಕಿದ್ದರೆ ಹೇಳಿ. ಎಲ್ಲಿ ಅರ್ಜಿ ಹಾಕಬೇಕು?

ಕಾಫಿಕಣ

ಸಿಗಲ್ಲ ಅಕ್ಕ. ಬಾಡಿಗೆ ಕಟ್ಟಿ ಅಂತ ತಿಂಗಳು ತಿಂಗಳು ಕೈಗೆ ದುಡ್ಡು ಕೊಡೋ ಯೋಜನೆ ನಮ್ಮಂಥವರಿಗೆ ಇಲ್ಲ. ಯಾರಾದ್ರೂ "ಮಾಡಿಸಿಕೊಡ್ತೀನಿ, ಎರಡು ಸಾವಿರ ಖರ್ಚಿದೆ" ಅಂತ ಬಂದ್ರೆ ಬಾಗಿಲು ಹಾಕ್ಕೊಳ್ಳಿ.

ಸೇವಾ ಕೇಂದ್ರದ ಹುಡುಗ

ಮೇಡಂ, ದಿನಾ ಈ ಅರ್ಜಿಗಳನ್ನೇ ತುಂಬೋದು ನನ್ನ ಕೆಲಸ, ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ಅಂಗಡಿಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಪ್ರಧಾನಮಂತ್ರಿ ಆವಾಸ್ ನಗರ 2.0ರಲ್ಲಿ ಬಾಡಿಗೆ ಮನೆಗೆ ಅಂತಲೇ ಒಂದು ಭಾಗ ಇದೆ. ಇದರ ಬೇರು 2020ರಲ್ಲಿದೆ. ಲಾಕ್‌ಡೌನ್‌ನಲ್ಲಿ ಕೂಲಿಯವರೆಲ್ಲ ಮೂಟೆ ಹೊತ್ತು ನಡ್ಕೊಂಡು ಊರಿಗೆ ಹೋದರಲ್ಲ, ಆಮೇಲೆ ಕೇಂದ್ರ ಸರ್ಕಾರ ಒಂದು ಬಾಡಿಗೆ ವಸತಿ ಯೋಜನೆ ತಂದಿತ್ತು. ಖಾಲಿ ಬಿದ್ದಿರೋ ಸರ್ಕಾರಿ ಮನೆ ರಿಪೇರಿ ಮಾಡಿ ಬಾಡಿಗೆಗೆ ಬಿಡೋದು, ಇಲ್ಲಾಂದ್ರೆ ಕಂಪನಿಯೋ ಸಂಸ್ಥೆಯೋ ತಮ್ಮ ಜಾಗದಲ್ಲಿ ಕಟ್ಟಿ 25 ವರ್ಷ ಬಾಡಿಗೆಗೇ ಇಡೋದು. ಅನುದಾನ, ತೆರಿಗೆ ರಿಯಾಯಿತಿ ಏನಿದ್ದರೂ ಹೋಗೋದು ಕಟ್ಟೋರಿಗೆ, ನಡೆಸೋರಿಗೆ. ನಿಮ್ಮ ಖಾತೆಗೆ ಒಂದು ರೂಪಾಯಿನೂ ಬರಲ್ಲ. ಹಾಗೆ ಕಟ್ಟಿದ ಮನೆ ಇದ್ದರೆ ತಾನೇ ನೀವು ಹೋಗಿ ಇರೋದು? ಫ್ಯಾಕ್ಟರಿ ಇರೋ ಬಯಲು ಸೀಮೆಗೆ ಹೊಂದುತ್ತೆ ಅದು. ಮಡಿಕೇರಿಯಲ್ಲಿ ಸಮತಟ್ಟು ಜಾಗ ಯಾರ ಹತ್ರ ಇದೆಯೋ ಅವರು ರೆಸಾರ್ಟ್ ಬಿಟ್ಟು ಇನ್ನೇನು ಕಟ್ತಾರೆ?

ಉಳಿದ ಯೋಜನೆಗಳೆಲ್ಲ ಸ್ವಂತ ಮನೆಗೆ. ಬಸವ ವಸತಿ, ಅಂಬೇಡ್ಕರ್ ನಿವಾಸ, ಆವಾಸ್, ಹೆಚ್ಚಿನದಕ್ಕೆ ಫಾರಂನಲ್ಲಿ ಮೊದಲೇ ಸಿಕ್ಕಿಹಾಕ್ಕೊಳ್ಳೋ ಜಾಗ ನಿವೇಶನ. ಸೈಟ್ ಇದ್ದವನಿಗೆ ಮನೆ, ಮನೆ ಇದ್ದವನಿಗೆ ಬಾಡಿಗೆ, ಬಾಡಿಗೆಯಲ್ಲಿರೋರಿಗೆ ಏನೂ ಇಲ್ಲ. ನಿವೇಶನ ರಹಿತರು ಅಂತ ನಗರಸಭೆಗೆ ಅರ್ಜಿ ಕೊಟ್ಟು ಸ್ವೀಕೃತಿ ತಗೊಂಡು ಇಟ್ಟಿರಿ. ಸಿಗೋದು ಯಾವಾಗ ಅಂತ ಮಾತ್ರ ನನ್ನ ಕೇಳಬೇಡಿ.

ಈಗಲೇ ಸಿಗೋದು ಒಂದಿದೆ, ಗೃಹಜ್ಯೋತಿ. ತಿಂಗಳಿಗೆ 200 ಯೂನಿಟ್ ಒಳಗಿನ ಕರೆಂಟ್‌ಗೆ, ಬಾಡಿಗೆದಾರರಿಗೂ ಅನ್ವಯ. ಹೊಸ ಮನೆಗೆ ಹೋಗುವಾಗ ಈಗಿನ ಆರ್‌ಆರ್ ನಂಬರಿನಿಂದ (ಬಿಲ್ಲಿನಲ್ಲಿರೋ ಸಂಪರ್ಕದ ಸಂಖ್ಯೆ) ನಿಮ್ಮ ಆಧಾರ್ ಬಿಡಿಸಿ, ಹೊಸ ಮೀಟರಿಗೆ ಜೋಡಿಸಿ. ಅದಕ್ಕೆ ಅಗ್ರಿಮೆಂಟ್ ಇದ್ದರೆ ಸಲೀಸು. ಅಗ್ರಿಮೆಂಟ್ ಇಲ್ಲದೆ ಏಳು ವರ್ಷ ಇದ್ದೆ ಅಂದ್ರಲ್ಲ, ಅದನ್ನ ಓದಿ ನನಗೆ ತಲೆ ಗಿರ್ ಅಂತು.

ಇಂದಿರಾನಗರದಲ್ಲಿದ್ದವನು

ತಂಗೀ, 10,000ದ ಕಥೆ ನಾನು ಹೇಳ್ತೇನೆ. ಅದನ್ನು ಹತ್ತಿರದಿಂದ ಕಂಡವನು ನಾನು.

2018ರ ಆಗಸ್ಟ್‌ನಲ್ಲಿ ನಾವು ಮಡಿಕೇರಿಯ ಇಂದಿರಾನಗರದಲ್ಲಿ ಬಾಡಿಗೆಗಿದ್ದೆವು. ಹಿಂದೆ ಬರೆ (ಕಡಿದಾದ ಮಣ್ಣಿನ ದಿಣ್ಣೆ), ಮುಂದೆ ಮೆಟ್ಟಿಲು, ಕೆಳಗೆ ಇನ್ನೊಬ್ಬರ ತಾರಸಿ. ಸ್ವಾತಂತ್ರ್ಯ ದಿನ ಕಳೆದು ಎರಡನೇ ರಾತ್ರಿ ಅಡುಗೆಮನೆ ನೆಲದಲ್ಲಿ ಒಂದು ಗೀರು ಕಂಡಿತು. ಹೆಂಡತಿ ಅದರ ಮೇಲೆ ಅರಿಸಿನ ಪುಡಿ ಉದುರಿಸಿದಳು. ಬೆಳಗ್ಗೆ ನೋಡಿದರೆ ಅರಿಸಿನ ಒಳಗೆ ಇಳಿದು ಗೀರು ಬೆರಳಗಲ ಆಗಿತ್ತು. ಉಟ್ಟ ಬಟ್ಟೆಯಲ್ಲಿ ಹೊರಟೆವು. ಮಧ್ಯಾಹ್ನದ ಹೊತ್ತಿಗೆ ಬರೆ ಕುಸಿದು ಹಿಂದಿನ ಗೋಡೆ ಒಳಗೆ ಬಂದಿತ್ತು.

ಪರಿಹಾರ ಕೇಂದ್ರದಲ್ಲಿ ಎಲ್ಲರಿಗೂ ಒಂದೇ ಚಾಪೆ, ಒಂದೇ ಸಾರು. ಪಟ್ಟಿ ಮಾಡಲು ಶುರುವಾದಾಗ ಬೇರೆ ಬೇರೆ ಆದೆವು. ಸ್ವಂತ ಮನೆ ಕಟ್ಟಿಕೊಡುವ ತನಕ ತಿಂಗಳಿಗೆ 10,000 ಬಾಡಿಗೆ ಕೊಡುತ್ತೇವೆ ಅಂತ ಸರ್ಕಾರ ಹೇಳಿತು. ನಮ್ಮ ಓನರ್ ಹೆಸರು ಬಂತು. ನನ್ನ ಹೆಸರು ಬರಲಿಲ್ಲ. ಮನೆ ಅವರದ್ದು, ಕಂದಾಯ ಅವರ ಹೆಸರಲ್ಲಿ. ನನ್ನ ಹತ್ತಿರ ಅಗ್ರಿಮೆಂಟ್ ಇಲ್ಲ, ಬಾಡಿಗೆ ರಸೀದಿ ಇಲ್ಲ, ರೇಷನ್ ಕಾರ್ಡ್ ಇನ್ನೂ ಸೋಮವಾರಪೇಟೆ ಕಡೆ ಅಪ್ಪನ ಮನೆ ವಿಳಾಸದಲ್ಲಿ. "ನೀವು ಇಲ್ಲೇ ಇದ್ದಿರಿ ಅನ್ನೋದಕ್ಕೆ ಏನಿದೆ?" ಅಂತ ಪಟ್ಟಿ ಬರೆಯುತ್ತಿದ್ದ ಹುಡುಗಿ ಕೇಳಿದಳು. ಪಾಪ, ಅವಳ ತಪ್ಪಲ್ಲ. ಆ ಪುಸ್ತಕದಲ್ಲಿ ಅಂಥದ್ದೊಂದು ಕಾಲಂ ಇತ್ತು. ನನ್ನ ಹತ್ತಿರ ಇದ್ದದ್ದು ಕೆಸರು ಮೆತ್ತಿದ ಕಾಲು.

ಇನ್ನೊಂದು ವಿಷಯ. ಊರಲ್ಲಿ ಅಷ್ಟು ಸಂಸಾರಗಳು ಒಟ್ಟಿಗೆ ಬಾಡಿಗೆ ಮನೆ ಹುಡುಕಲು ಹೊರಟವು, ಸರ್ಕಾರ ಎಷ್ಟು ಕೊಡುತ್ತದೆ ಅಂತ ಪೇಪರಿನಲ್ಲಿ ಬಂದಿತ್ತು. ನಾನು ನೋಡಿ ಬಂದಿದ್ದ 6,000ದ ಮನೆ ಒಂದು ವಾರದಲ್ಲಿ 10,000 ಆಯಿತು. ಓನರಿಗೆ ನಾಚಿಕೆಯೂ ಇರಲಿಲ್ಲ, "ನಿಮಗೆ ಬರುತ್ತಲ್ಲ?" ಅಂದರು. ನನಗೆ ಬರುತ್ತಿರಲಿಲ್ಲ. ಹಾಗೆ ಬೇರೆಯವರಿಗೆ ಕೊಟ್ಟ ಸಹಾಯದ ಹೊರೆ ನನ್ನ ತಲೆಗೆ ಬಿತ್ತು.

ಆದ್ದರಿಂದ ದುಡ್ಡೇ ಕೊಡಬಾರದಿತ್ತು ಅಂತ ಹೇಳುವವನಲ್ಲ ನಾನು. ಆ ದುಡ್ಡಿಲ್ಲದಿದ್ದರೆ ಎಷ್ಟೋ ಜನ ಆ ಚಳಿಗಾಲ ಕಳೆಯುತ್ತಿರಲಿಲ್ಲ. ಆಮೇಲೆ ಜಂಬೂರು, ಮದೆನಾಡಿನಲ್ಲಿ ಮನೆಗಳು ಎದ್ದವು, 2020ರ ಜೂನ್‌ನಲ್ಲಿ ಕೀಲಿ ಕೊಟ್ಟರು. ಒಳ್ಳೆಯ ಮನೆಗಳೇ. ನಮ್ಮ ಓನರ್ ಜಂಬೂರಿನಲ್ಲಿದ್ದಾರೆ. ಆದರೆ ಅವರ ಮಗಳ ಕೆಲಸ ಮಡಿಕೇರಿಯಲ್ಲಿ, ಹಾಗಾಗಿ ಅವಳು ಇಲ್ಲಿ ಬಾಡಿಗೆ ರೂಮಿನಲ್ಲಿ! ಮನೆ ಕೊಟ್ಟರೂ ಮುಗಿಯಲ್ಲ, ದುಡ್ಡು ಕೊಟ್ಟರೂ ಮುಗಿಯಲ್ಲ. ನೀನು ಮಾಡಬೇಕಾದ ಮೊದಲ ಕೆಲಸ, ರೇಷನ್ ಕಾರ್ಡಿನ ವಿಳಾಸ ನೀನಿರುವ ಮನೆಗೆ ಬದಲಾಯಿಸು.

ತೋಟದ ಡ್ರೈವರ್

ಅಕ್ಕ, ಅಣ್ಣನಿಗೆ ಗಾಡಿ ಓಡಿಸೋದು ಬರುತ್ತೆ ಅಂದ್ರೆ ತೋಟದಲ್ಲಿ ಸೇರ್ಕೊಳ್ಳಲಿ. ನನಗೆ ತೋಟದವರೇ ಕೊಟ್ಟ ಲೈನ್‌ಮನೆ ಫ್ರೀ, ಸೌದೆ ಫ್ರೀ, ನೀರು ಫ್ರೀ. ಬಾಡಿಗೆ ಅನ್ನೋ ಶಬ್ದವೇ ಮರೆತುಹೋಗಿದೆ.

ಲೈನ್‌ಮನೆ ಮಗಳು

ಡ್ರೈವರ್ ಅಣ್ಣ, ನಿಮಗೆ ಒಳ್ಳೆಯದಾಗಲಿ. ಆದರೆ ಆ ಶಬ್ದ ನಿಮಗೆ ರಿಟೈರ್ ಆದ ದಿನ ನೆನಪಾಗುತ್ತದೆ.

ನಾನು ಹುಟ್ಟಿದ್ದು, ಓದಿದ್ದು ಸಿದ್ದಾಪುರ ಕಡೆಯ ಒಂದು ತೋಟದ ಲೈನಿನಲ್ಲಿ. ಹತ್ತು ಬಾಗಿಲು, ಒಂದೇ ಮಾಡು, ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಮಗೆ ಸೀನು. ತೋಟ ಕಾರ್ಮಿಕರಿಗೆ ಮಾಲೀಕರು ಮನೆ ಕೊಡಬೇಕು ಅಂತ 1951ರ ಕಾಯ್ದೆಯಲ್ಲೇ ಇತ್ತು. 5 ಹೆಕ್ಟೇರ್, 15 ಆಳು ಇದ್ದ ತೋಟಗಳಿಗೆ. ಕಾಯ್ದೆ ಒಳ್ಳೆಯದೇ, ಆದರೆ ಮನೆ ಅನ್ನೋದು ಕೆಲಸಕ್ಕೆ ಕಟ್ಟಿದ ಕರುವಿನ ಹಾಗೆ. ಅಪ್ಪನಿಗೆ ಬೆನ್ನು ಹೋಯಿತು, ಕೆಲಸ ಬಿಟ್ಟರು. ತೋಟದ ರೈಟರ್ (ಗುಮಾಸ್ತ) ಬಂದು ನಯವಾಗಿಯೇ ಕೇಳಿದರು, "ಹೊಸಬರು ಬರ್ತಾರೆ, ಯಾವಾಗ ಬಿಡ್ತೀರಿ?" ಮೂವತ್ತೆರಡು ವರ್ಷ ಇದ್ದ ಮನೆ. ನಮ್ಮ ಬಾಗಿಲಿಗೆ ಈಗ ಅಸ್ಸಾಂ ಕಡೆಯ ಸಂಸಾರ ಬಂದಿದೆ.

ಆಮೇಲೆ ಪೈಸಾರಿ (ಸರ್ಕಾರಿ) ಜಾಗದಲ್ಲಿ ಶೀಟ್ ಮನೆ ಹಾಕಿಕೊಂಡೆವು, ಅಂಥ ಮನೆಗಳನ್ನು ಸಕ್ರಮ ಮಾಡುವ 94ಸಿ ಅಡಿಯಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಕೊಟ್ಟೆವು. ಕೊಡಗಿನಲ್ಲಿ ಬಾಡಿಗೆ ಮನೆ ಚರ್ಚೆ ಅಂದರೆ ಪೇಟೆಯವರು ಹೋಂಸ್ಟೇ ಮಾತಾಡ್ತಾರೆ. ನಮ್ಮಂಥವರು ಬಾಡಿಗೆದಾರರ ಲೆಕ್ಕಕ್ಕೂ ಇಲ್ಲ, ಮನೆ ಇಲ್ಲದವರ ಲೆಕ್ಕಕ್ಕೂ ಇಲ್ಲ. 2016ರಲ್ಲಿ ದಿಡ್ಡಳ್ಳಿಯಲ್ಲಿ ಗುಡಿಸಲು ಕಿತ್ತಾಗ ಅಲ್ಲಿ ಸೇರಿದ್ದ ಆದಿವಾಸಿಗಳಲ್ಲಿ ಎಷ್ಟೋ ಮಂದಿ ಲೈನ್‌ಮನೆಗಳಿಂದಲೇ ಬಂದವರು. ಅಷ್ಟು ಗಲಾಟೆ ಆದ ಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಜಾಗ ಸಿಕ್ಕಿತು. ಅಕ್ಕ, ಲೈನ್‌ಮನೆಗೆ ಹೋಗಲೇಬೇಡಿ ಅನ್ನಲ್ಲ. ಮಗಳ ಪರೀಕ್ಷೆ ಮುಗಿಯುವ ತನಕ ಬೇಡ. ತೋಟದ ರಸ್ತೆಯಲ್ಲಿ ಸಂಜೆ ಆನೆ ನಿಂತರೆ ಟ್ಯೂಷನ್ ಇಲ್ಲ.

ನಿವೃತ್ತ ಮೇಷ್ಟ್ರು

ನಾನು ಮನೆ ಮಾಲೀಕ, ಬೈಯುವವರು ಬೈಯಬಹುದು. ಹಿತ್ತಲಲ್ಲಿ ಒಂದು ಚಿಕ್ಕ ಮನೆಯಿದೆ. ಶನಿವಾರ, ಭಾನುವಾರ ಹೋಂಸ್ಟೇಗೆ ಬಿಟ್ಟರೆ ಎರಡು ವಾರದಲ್ಲಿ ಒಂದು ತಿಂಗಳ ಬಾಡಿಗೆ ಹುಟ್ಟುತ್ತದೆ. ಮಂಗಳವಾರ ಯಾರೂ ಗ್ಯಾಸ್ ಸೋರುತ್ತಿದೆ ಎಂದು ಬಾಗಿಲು ಬಡಿಯುವುದಿಲ್ಲ. ಹಾಗಿದ್ದೂ ನಾನು ಸಂಸಾರಕ್ಕೇ ಕೊಟ್ಟಿದ್ದೇನೆ. ಕಾರಣ ಧರ್ಮಬುದ್ಧಿಯೇನಲ್ಲ, ಆಟಿ ತಿಂಗಳ (ಜುಲೈ, ಆಗಸ್ಟ್) ಮಳೆಯಲ್ಲಿ ಪ್ರವಾಸಿಗಳು ಬರುವುದಿಲ್ಲ, ಮುಚ್ಚಿಟ್ಟ ಮನೆಗೆ ಬೂಷ್ಟು ಹಿಡಿಯುತ್ತದೆ. ಒಲೆ ಉರಿಯುವ ಮನೆ ಉಳಿಯುತ್ತದೆ.

ಕಾನೂನಿನ ಮಾತು ಒಂದಿಷ್ಟು. ಕರ್ನಾಟಕ ಬಾಡಿಗೆ ಕಾಯ್ದೆ 1999ರದ್ದು. ಬೆಂಗಳೂರಿನಂಥ ಊರುಗಳಲ್ಲಿ ತಿಂಗಳ ಬಾಡಿಗೆ 3,500, ಉಳಿದ ಕಡೆ 2,000 ದಾಟಿದರೆ ಆ ಕಾಯ್ದೆಯ ರಕ್ಷಣೆ ಇಲ್ಲ. ಇವತ್ತು 2,000ಕ್ಕೆ ಮಡಿಕೇರಿಯಲ್ಲಿ ಸ್ಕೂಟರ್ ನಿಲ್ಲಿಸಲು ಜಾಗ ಸಿಕ್ಕರೆ ಹೆಚ್ಚು. ಹಾಗಾಗಿ ನಿಮಗೆ ಅನ್ವಯಿಸುವುದು ಸ್ವತ್ತು ವರ್ಗಾವಣೆ ಕಾಯ್ದೆ. ಅದರ ಪ್ರಕಾರ ಬರಹದಲ್ಲಿ ಕರಾರಿಲ್ಲದ ತಿಂಗಳ ಬಾಡಿಗೆಗೆ 15 ದಿನದ ನೋಟಿಸ್ ಸಾಕು. ನಿಮ್ಮ ಮಾಲೀಕರು ಕೊಟ್ಟ ಸಮಯ ಅದಕ್ಕಿಂತ ಜಾಸ್ತಿಯೇ ಇದೆ. ಆದರೆ ಕೋರ್ಟಿಗೆ ಹೋಗದೆ ಸಾಮಾನು ಹೊರಗೆ ಹಾಕುವಂತಿಲ್ಲ, ಕರೆಂಟು ನೀರು ಕಡಿಯುವಂತಿಲ್ಲ. ಅಂಥದ್ದೇನಾದರೂ ಆದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ.

2021ರಲ್ಲಿ ಕೇಂದ್ರ ಒಂದು ಮಾದರಿ ಬಾಡಿಗೆ ಕಾಯ್ದೆ ಮಾಡಿತು. ಅದರಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಕೇಳಬಾರದು ಎಂದಿದೆ. ಮಾದರಿ ಮಾದರಿಯೇ, ರಾಜ್ಯ ಒಪ್ಪಿ ಕಾಯ್ದೆ ಮಾಡಿದರೆ ಮಾತ್ರ ಬೆಲೆ. ಆದರೂ 50,000 ಕೇಳಿದವರ ಮುಂದೆ ಈ ಮಾತು ಎತ್ತಿ ನೋಡಿ. ನನ್ನ ಬಾಡಿಗೆದಾರ ಎತ್ತಿದ್ದ, ನಾನು ಇಳಿದೆ.

ವಿರಾಜಪೇಟೆ ಕುಟ್ಟ

ಅಮೆರಿಕದಲ್ಲಿ ಬಡವರಿಗೆ ಬಾಡಿಗೆ ವೋಚರ್ ಕೊಡ್ತಾರೆ, ನನ್ನ ಭಾವ ಅಲ್ಲಿದ್ದಾರೆ. 1974ರಿಂದಲೇ ಇದೆಯಂತೆ. ಸಂಸಾರ ತನ್ನ ಆದಾಯದಲ್ಲಿ ಸುಮಾರು ಶೇ. 30 ಕಟ್ಟಿದರೆ ಉಳಿದದ್ದು ಸರ್ಕಾರ ನೇರ ಓನರಿಗೆ. ಇಲ್ಲಿ ಯಾಕಾಗಲ್ಲ? ಅಕ್ಕನ ಸಂಬಳಕ್ಕೆ ಲೆಕ್ಕ ಹಾಕಿದರೆ 3,900 ಕಟ್ಟಿದರೆ ಸಾಕು.

ಕಾಫಿಕಣ

ಆ ಭಾವನನ್ನೇ ಕೇಳು, ವೋಚರಿಗೆ ಎಷ್ಟು ವರ್ಷ ಕ್ಯೂ ಅಂತ. ಕೈಯಲ್ಲಿ ವೋಚರ್ ಇದ್ದೂ ಮನೆ ಕೊಡಲ್ಲ ಅನ್ನೋ ಓನರ್‌ಗಳಿದ್ದಾರೆ ಅಲ್ಲಿ. ಮನೆಗಳೇ ಹೋಂಸ್ಟೇ ಆಗಿಹೋದ ಊರಲ್ಲಿ ವೋಚರ್ ಹಿಡ್ಕೊಂಡು ಯಾವ ಬಾಗಿಲಿಗೆ ಹೋಗೋದು? ಇಂದಿರಾನಗರದಣ್ಣ ಬರೆದದ್ದು ಇನ್ನೊಂದ್ಸಲ ಓದು.

ಸುಂಟಿಕೊಪ್ಪದವಳು

ಇಷ್ಟೆಲ್ಲ ಚರ್ಚೆ ಮಾಡ್ತೀರಿ, ಯಾರೂ ಬಸ್ಸಿನ ಮಾತೇ ಎತ್ತಲಿಲ್ಲ. ನನಗೆ ಸಿಕ್ಕ ಬಾಡಿಗೆ ಸಹಾಯ ಅಂದರೆ ಶಕ್ತಿ ಯೋಜನೆ. 2023ರಲ್ಲಿ ಅದು ಬಂದ ಮೇಲೆ ಮಡಿಕೇರಿ ಮನೆ ಬಿಟ್ಟು ಸುಂಟಿಕೊಪ್ಪಕ್ಕೆ ಬಂದೆ. ಬಾಡಿಗೆಯಲ್ಲಿ ತಿಂಗಳಿಗೆ 2,500 ಉಳಿತು, ಬಸ್ಸಿಗೆ ಸೊನ್ನೆ. ಖಾಸಗಿ ಬಸ್ಸಿಗೆ ನಡೆಯಲ್ಲ, ಸರ್ಕಾರಿ ಬಸ್ಸಿನ ಟೈಮ್ ಬಾಯಿಪಾಠ ಮಾಡ್ಕೊಳ್ಳಿ. ಕುಶಾಲನಗರದಲ್ಲಿ ಮನೆ ಜಾಸ್ತಿ, ಆದರೆ ಸಾಯಿ ಬಡಾವಣೆ, ಕುವೆಂಪು ಬಡಾವಣೆ ಕಡೆ ನೋಡೋದಾದ್ರೆ 2018, 2019ರಲ್ಲಿ ಹೊಳೆ ನೀರು ಎಲ್ಲಿವರೆಗೆ ಬಂದಿತ್ತು ಅಂತ ಪಕ್ಕದ ಮನೆಯವರನ್ನ ಕೇಳಿ. ಓನರನ್ನ ಕೇಳಬೇಡಿ.

ಮನೆ ನೋಡೋಕೆ ಬಿಸಿಲಿದ್ದಾಗ ಹೋಗಬೇಡಿ ಅಕ್ಕ. ಜೋರು ಮಳೆ ಬರುವಾಗ ಹೋಗಿ. ಮಂಚ ಹಾಕೋ ಗೋಡೆಗೆ ಅಂಗೈ ಒತ್ತಿ, ಒದ್ದೆ ಆದ್ರೆ ಬೇಡ. ಹಿಂದಿನ ಬರೆಗೆ ಟಾರ್ಪಾಲು ಹೊದಿಸಿದ್ರೆ ಅಲ್ಲಿಂದಲೇ ವಾಪಸ್ ಬನ್ನಿ.

ಚೈನ್‌ಗೇಟ್ ಅಕ್ಕ

ಮೂರು ವಾರ ಆಯಿತು, ಎಲ್ಲರಿಗೂ ಒಟ್ಟಿಗೆ ಬರೀತಿದ್ದೇನೆ. ಆಂಟಿ ಹತ್ತಿರ ಮಗಳ ಪರೀಕ್ಷೆ ಮುಗಿಯುವ ತನಕ ಬಿಡಿ ಅಂತ ಕೇಳಿದೆ. ಒಂದು ತಿಂಗಳು ಜಾಸ್ತಿ ಕೊಟ್ಟರು, ಅದಕ್ಕಿಂತ ಆಗಲ್ಲ, ಪೈಂಟಿಂಗ್‌ನವನು ಬರ್ತಾನೆ ಅಂದರು. ಸುಂಟಿಕೊಪ್ಪದಲ್ಲಿ ಒಂದು ಮನೆ ಸಿಕ್ಕಿತು, 6,500. ನಾವು ಹೋದ ದಿನ ಆಲಿಕಲ್ಲು ಮಳೆ. ಅಂಗೈ ಒತ್ತಿ ನೋಡ್ತಾ ಇದ್ದೆ, ಮನೆಯವರಮ್ಮ ನೋಡಿ "ಏನು ನೋಡ್ತೀರಿ?" ಅಂದರು. ಹೇಳಿದೆ. ನಕ್ಕು, "ಈ ಗೋಡೆ ಬೇಡ, ಆ ಕಡೆದಕ್ಕೆ ಮಂಚ ಹಾಕಿ" ಅಂದರು. ಅಡ್ವಾನ್ಸ್ 40,000 ಹೇಳಿದ್ದು, ಮೇಷ್ಟ್ರ ಮಾತು ಎತ್ತಿ 20,000ಕ್ಕೆ ಬಂತು. ಹನ್ನೊಂದು ತಿಂಗಳ ಅಗ್ರಿಮೆಂಟ್ ಆಗಿದೆ. ಪೈಂಟ್ ದುಡ್ಡು ಎಷ್ಟು ಹಿಡಿಯೋದು ಅಂತಲೂ ಅದರಲ್ಲೇ ಬರೆಸಿದೆ. ಮಗಳ ಪರೀಕ್ಷೆ ಮುಗಿಯುವ ತನಕ ಅವಳು ಮಡಿಕೇರಿಯಲ್ಲಿ ಅತ್ತೆ ಮನೆಯಲ್ಲಿರ್ತಾಳೆ.

ಸೇವಾ ಕೇಂದ್ರದ ತಮ್ಮಾ, ಒಂದು ತೊಂದರೆ. ಆ ಮೀಟರಿಗೆ ಹಳೇ ಬಾಡಿಗೆದಾರರ ಆಧಾರ್ ಇನ್ನೂ ಅಂಟಿಕೊಂಡಿದೆ. ಅವರು ಮೈಸೂರಿಗೆ ಹೋಗಿದ್ದಾರಂತೆ, ಫೋನ್ ಸ್ವಿಚ್ ಆಫ್.

ಸೇವಾ ಕೇಂದ್ರದ ಹುಡುಗ

ವಾರಕ್ಕೆ ನಾಲ್ಕು ಇಂಥದ್ದೇ ಬರುತ್ತೆ ಮೇಡಂ. ಅಗ್ರಿಮೆಂಟ್ ಜೆರಾಕ್ಸ್, ಹೋದ ತಿಂಗಳ ಬಿಲ್, ನಿಮ್ಮ ಆಧಾರ್ ಹಿಡ್ಕೊಂಡು ಸೆಸ್ಕ್ (ಕರೆಂಟ್) ಆಫೀಸಿಗೆ ಹೋಗಿ. ಮನೆಯವರಮ್ಮನ್ನೂ ಕರ್ಕೊಂಡು ಹೋಗಿ, ಮೀಟರ್ ಅವರ ಹೆಸರಲ್ಲಿರುತ್ತೆ. ಬೆಳಗ್ಗೆ ಬೇಗ ಹೋಗಿ, ಮಧ್ಯಾಹ್ನ ಆದರೆ ಲೈನ್‌ಮೆನ್‌ಗಳ ಜೊತೆ ಆಫೀಸಿನವರೂ ಮರ ಬಿದ್ದ ಕಡೆ ಹೊರಟುಬಿಡ್ತಾರೆ.