ಖಾಲಿ ಡಬ್ಬಿ ಹೇಗೆ ವಾಪಸ್ ಕೊಡೋದು? ಕಷ್ಟದಲ್ಲಿ ನಮ್ಮನ್ನು ನೋಡಿಕೊಂಡ ಚರ್ಚ್ ಸಭೆಯವರ ಬಗ್ಗೆ ಒಂದು ಪ್ರಶ್ನೆ

ಕುಡ್ಲದ_ರಿಕ್ಷಾ ಕೇಳಿದ್ದು:

ನಮಸ್ಕಾರ. ಪ್ರಶ್ನೆ ಸಣ್ಣದು. ಆದರೆ ಹಿಂದಿನ ಕಥೆ ಹೇಳದೆ ಅರ್ಥ ಆಗಲ್ಲ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ನಮ್ಮ ಅಡುಗೆಮನೆಯ ಅಟ್ಟದಲ್ಲಿ ಈಗ ಒಂಬತ್ತು ಸ್ಟೀಲ್ ಡಬ್ಬಿ, ಎರಡು ಟಿಫಿನ್ ಕ್ಯಾರಿಯರ್, ಮುಚ್ಚಳ ಕಳೆದುಹೋದ ಒಂದು ಹಾಲಿನ ಕ್ಯಾನ್ ಇವೆ. ಒಂದೂ ನಮ್ಮದಲ್ಲ.

ನಾನು ಮಂಗಳೂರಿನಲ್ಲಿ ರಿಕ್ಷಾ ಓಡಿಸುತ್ತೇನೆ. ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮೊದಲು ಒಡೆದ ಹಂಚು ಬದಲಾಯಿಸೋಣ ಅಂತ ಮನೆಯ ಮಾಡು ಹತ್ತಿದೆ. ಹಂಚಿನಡಿಯ ಮರದ ಪಟ್ಟಿ, ಗೆದ್ದಲು ತಿಂದ ರೀಪು, ಕಾಲಡಿಯಲ್ಲಿ ಮುರಿಯಿತು. ಬಲತೊಡೆಯ ಮೂಳೆ ಎರಡು ತುಂಡು. ಒಳಗೆ ರಾಡ್ ಹಾಕಿದರು. ಮೂರು ತಿಂಗಳು ಕಾಲು ನೆಲಕ್ಕೆ ಊರಬಾರದು ಅಂದರು. ಸಾಲ ಕೊಟ್ಟವರಿಗೆ ಕಾಲು ಮುರಿದದ್ದು ಲೆಕ್ಕಕ್ಕಿಲ್ಲವಲ್ಲ, ರಿಕ್ಷಾದ ಕಂತು ತಿಂಗಳು ತಿಂಗಳು ಬರುತ್ತಲೇ ಇತ್ತು. ಹೆಂಡತಿ ಬೀಡಿ ಕಟ್ಟುತ್ತಾಳೆ. ನನ್ನನ್ನು ಎತ್ತಿ ಕೂರಿಸಿ, ಒರೆಸಿ, ತಿನ್ನಿಸಿ ಉಳಿದ ಹೊತ್ತಿನಲ್ಲಿ ಎಷ್ಟು ಬೀಡಿ ಆಗುತ್ತದೆ ಹೇಳಿ. ಮಗಳು ಏಳನೇ ಕ್ಲಾಸು.

ಇಲ್ಲಿ ಒಂದು ವಿಷಯ ಮುಚ್ಚಿಡಬಾರದು. ನಾನು ಹುಟ್ಟಿ ಬೆಳೆದದ್ದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟಂಟರದ್ದು) ಸಭೆಯಲ್ಲಿ. ಹೆಂಡತಿ ಹಿಂದೂ. ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆ ಆದೆವು. ಆಗ ಸಭೆಯ ಹಿರಿಯರೊಬ್ಬರು ಒಂದು ಮಾತು ಅಂದರು, ಅದು ಚುಚ್ಚಿತು. ಅವತ್ತಿನಿಂದ ಹದಿಮೂರು ವರ್ಷ ನಾನು ಆರಾಧನೆಗೆ ಹೋಗಲೇ ಇಲ್ಲ. ಕ್ರಿಸ್‌ಮಸ್ಸಿಗೂ ಇಲ್ಲ. ಸ್ಟ್ಯಾಂಡಿನಲ್ಲಿ ಚರ್ಚಿನವರನ್ನು ತಮಾಷೆ ಮಾಡುವುದಿದ್ದರೆ ನಾನೇ ಮುಂದೆ.

ಆಸ್ಪತ್ರೆಯಿಂದ ಮನೆಗೆ ಬಂದ ಮೂರನೇ ದಿನ. ಜಡಿಮಳೆ. ಇಬ್ಬರು ಹೆಂಗಸರು ಕೊಡೆ ಮಡಚಿ ಒಳಗೆ ಬಂದರು. ಒಬ್ಬರು ನನ್ನ ಸಂಡೇ ಸ್ಕೂಲ್ ಟೀಚರ್. ಈಗ ಎಪ್ಪತ್ತು ದಾಟಿದೆ. ನನ್ನನ್ನು ಬೈಯುತ್ತಾರೆ ಅಂದುಕೊಂಡು ಗೋಡೆ ನೋಡುತ್ತಾ ಮಲಗಿದೆ. ಅವರು ನನ್ನ ಹತ್ತಿರ ಬರಲೇ ಇಲ್ಲ. ಸೀದಾ ಹೆಂಡತಿಯ ಹತ್ತಿರ ಹೋಗಿ, 'ಮಗಾ, ನೀನು ಊಟ ಮಾಡಿದ್ಯಾ?' ಅಂದರು. ಆ ಐದಾರು ದಿನದಲ್ಲಿ ಅವಳನ್ನು ಹಾಗೆ ಕೇಳಿದವರು ಯಾರೂ ಇರಲಿಲ್ಲ. ನಾನೂ ಕೇಳಿರಲಿಲ್ಲ.

ಡಬ್ಬಿಯಲ್ಲಿ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಎರಡು ಹಲಸಿನ ಹಪ್ಪಳ.

ಅಲ್ಲಿಂದ ಶುರು. ಸಭೆಯ ಹೆಂಗಸರು ಒಂದು ನೋಟ್‌ಬುಕ್ಕಿನಲ್ಲಿ ಸರದಿ ಬರೆದುಕೊಂಡಿದ್ದರಂತೆ. ದಿನಕ್ಕೊಂದು ಮನೆ. ಜೂನ್, ಜುಲೈ ಎರಡೂ ತಿಂಗಳು ನಿಷೇಧ ಇರುವುದರಿಂದ ಟ್ರಾಲ್ ಬೋಟ್ ಕಡಲಿಗೆ ಇಳಿಯುವುದಿಲ್ಲ, ಬಂಗುಡೆಯ ರೇಟು ಕೇಳುವ ಹಾಗಿಲ್ಲ. ಆದರೂ ವಾರಕ್ಕೊಮ್ಮೆ ಯಾರೋ ಹೇಗೋ ಮೀನು ಸಾರು ಕಳಿಸುತ್ತಿದ್ದರು. ನನ್ನ ಹೆಂಡತಿ ಸೋಮವಾರ ಮೀನು ತಿನ್ನಲ್ಲ. ಎರಡನೇ ವಾರದಿಂದ ಸೋಮವಾರದ ಡಬ್ಬಿಯಲ್ಲಿ ಬರೀ ತರಕಾರಿ. ನಾವು ಬಾಯಿ ಬಿಟ್ಟಿರಲಿಲ್ಲ. ಮಗಳು ಹೇಳಿದ್ದಳಂತೆ.

ಇನ್ನೂ ಉಂಟು. ಸಭೆಯ ಯೂತ್ಸ್ ಹುಡುಗರು ಬಂದು ನಾನು ಬಿದ್ದ ಮಾಡನ್ನೇ ಸರಿಮಾಡಿ ಹೋದರು, ಹೊಸ ರೀಪು ಹಾಕಿ. ಒಬ್ಬರು ರಿಟೈರ್ಡ್ ಮೇಷ್ಟ್ರು ಪ್ರತಿ ಗುರುವಾರ ಮಗಳಿಗೆ ಲೆಕ್ಕ ಹೇಳಿಕೊಟ್ಟರು. ನನ್ನ ಜೊತೆ ಒಂದು ಮಾತೂ ಇಲ್ಲ, ಬಂದು ಹೇಳಿಕೊಟ್ಟು ಹೋಗುವುದು. ಮತ್ತೆ, ಮಗಳ ಸ್ಕೂಲ್ ಫೀಸ್ ಕಟ್ಟಲು ಹೆಂಡತಿ ಹೋದರೆ 'ಕಟ್ಟಿ ಆಗಿದೆ' ಅಂದರು. ಯಾರು ಅಂತ ಹೇಳಲಿಲ್ಲ. ಸಭಾಪಾಲಕರನ್ನು ಕೇಳಿದೆ. ನಕ್ಕರು, ಕಾಲು ಹೇಗುಂಟು ಅಂತ ಕೇಳಿದರು.

ಈಗ ನವೆಂಬರ್. ಸಣ್ಣ ಬಾಡಿಗೆಗೆ ಹೋಗುತ್ತಿದ್ದೇನೆ. ಪ್ರಶ್ನೆ ಈಗ ಬಂತು. ಡಬ್ಬಿಗಳನ್ನು ಖಾಲಿ ಕೊಡಬಾರದು ಅಂತ ಹೆಂಡತಿಯ ಹಟ. ಖಾಲಿ ಪಾತ್ರೆ ವಾಪಸ್ ಕೊಡುವ ಪದ್ಧತಿ ಅವಳ ತಾಯಿಮನೆಯಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ಹಾಗಂತ ಏನು ತುಂಬಿಸುವುದು? ಮೂರು ತಿಂಗಳ ಊಟಕ್ಕೆ ಒಂದು ಹಿಡಿ ಸಕ್ಕರೆಯಾ? ಆ ಫೀಸಿನ ದುಡ್ಡು ಯಾರಿಗೆ ವಾಪಸ್ ಕೊಡಲಿ? ಒಂದು ಡಬ್ಬಿಯ ಮೇಲೆ ಕೊರೆದ ಹೆಸರು ಸಭೆಯಲ್ಲಿ ಯಾರದ್ದೂ ಅಲ್ಲ, ಅದು ಬೇರೆ ತಲೆನೋವು. ಆರಾಧನೆಯಲ್ಲಿ ಎದ್ದು ನಿಂತು ದೇವರು ಮಾಡಿದ ಉಪಕಾರದ ಸಾಕ್ಷಿ ಹೇಳು ಅಂದರೆ ನನ್ನಿಂದ ಆಗದು, ಮೈಕ್ ಕಂಡರೆ ಬೆವರುತ್ತೇನೆ. ಆದರೆ ಯೇಸು ಗುಣಮಾಡಿದ ಹತ್ತು ಕುಷ್ಠರೋಗಿಗಳಲ್ಲಿ ಒಬ್ಬನೇ ತಿರುಗಿ ಬಂದ ಕಥೆಯನ್ನು ಅದೇ ಟೀಚರ್ ನಮಗೆ ಕಲಿಸಿದ್ದು. ಉಳಿದ ಒಂಬತ್ತು ಮಂದಿಯಲ್ಲಿ ನಾನೂ ಒಬ್ಬ ಆಗಬಾರದು ಅಂತ.

ಗೊತ್ತಿದ್ದವರು ಹೇಳಿ.

ಧಾರವಾಡದಾಕಿ ಬರೆದದ್ದು:

ಅಣ್ಣಾ, ಮೊದಲು ಸುಲಭದ್ದು. ಸ್ತೋತ್ರ ಕಾಣಿಕೆಯ, ಅಂದರೆ ದೇವರಿಗೆ ಕೃತಜ್ಞತೆಯ ಕಾಣಿಕೆಯ ಕವರ್ ಇರುತ್ತದಲ್ಲ, ನಿಮ್ಮ ಸಭೆಯಲ್ಲೂ ಇರಬೇಕು. ಅದರ ಮೇಲೆ 'ಅಪಘಾತದಿಂದ ಗುಣವಾದದ್ದಕ್ಕೆ' ಅಂತ ಬರೆದು ಕೈಲಾದಷ್ಟು ಹಾಕಿ. ನಮ್ಮಲ್ಲಿ ಪ್ರಕಟಣೆಯ ಹೊತ್ತಿಗೆ ಅಯ್ಯನವರೇ ಓದುತ್ತಾರೆ. ಮೈಕ್ ಅವರ ಕೈಯಲ್ಲಿ, ಬೆವರು ನಿಮಗಿಲ್ಲ. ಹೆಸರು ಬೇಡ ಅಂದರೆ 'ಒಂದು ಕುಟುಂಬ' ಅಂತ ಬರೆದರೂ ಆಯಿತು.

ಚರ್ಚಿನ ಬೆಳೆ ಹಬ್ಬ ಇನ್ನೂ ಆಗಿಲ್ಲ ಅಂದರೆ ಅದಕ್ಕೆ ಕಾಯಿರಿ. ನಮ್ಮಲ್ಲಿ ಕುಂಬಳಕಾಯಿ, ಜೋಳ, ಕೋಳಿ, ರೊಟ್ಟಿ, ಏನು ತಂದರೂ ಆರಾಧನೆ ಮುಗಿದ ಮೇಲೆ ಹರಾಜು ಹಾಕುತ್ತಾರೆ. ನಮ್ಮವ್ವ ಒಂದು ಸಲ ಒಂದೇ ಒಂದು ಮೊಟ್ಟೆ ಕೊಟ್ಟಿದ್ದಳು, ಅಪ್ಪನ ಆಪರೇಷನ್ ಆದ ವರ್ಷ. ಮನೆಯಲ್ಲಿ ಬೇರೇನೂ ಇರಲಿಲ್ಲ. ಅದನ್ನು ಒಬ್ಬರು ನೂರು ರೂಪಾಯಿಗೆ ಕೊಂಡು ವಾಪಸ್ ಮೇಜಿನ ಮೇಲಿಟ್ಟರು. ಇನ್ನೊಬ್ಬರು ಕೊಂಡರು, ಅವರೂ ವಾಪಸ್ ಇಟ್ಟರು. ಹೀಗೆ ಆ ಮೊಟ್ಟೆ ಐದು ಸಲ ಮಾರಾಟ ಆಯಿತು. ಕೊನೆಗೆ ಕೊಂಡವರು ನಮ್ಮನೆಗೇ ತಂದುಕೊಟ್ಟರು. ಅಪ್ಪನಿಗೆ ಬೇಯಿಸಿ ಕೊಟ್ಟೆವು. ಇದನ್ನು ಹೇಳಿದರೆ ಈಗಲೂ ಅವ್ವ ಅಳುತ್ತಾಳೆ, ನಾವು ನಗುತ್ತೇವೆ.

ಡಬ್ಬಿಯಲ್ಲಿ ಏನು ಹಾಕಬೇಕು ಅನ್ನೋದನ್ನು ವೈನಿಗೆ ಬಿಡಿ. ಅದು ಗಂಡಸರು ತಲೆ ಹಾಕುವ ವಿಷಯ ಅಲ್ಲ!

ಉಡುಪಿಯವ_72 ಬರೆದದ್ದು:

ನಾನು ಕಥೊಲಿಕ್. ನಮ್ಮ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಬಡವರಿಗೆ ನೆರವಾಗುವ ವಿನ್ಸೆಂಟ್ ದಿ ಪಾವ್ಲ್ ಸಭೆಯಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ. 1833ರಲ್ಲಿ ಪ್ಯಾರಿಸಿನಲ್ಲಿ ಓಜನಾಂ ಎಂಬ ಇಪ್ಪತ್ತು ವರ್ಷದ ಕಾಲೇಜು ಹುಡುಗ ಗೆಳೆಯರನ್ನು ಕಟ್ಟಿಕೊಂಡು ಶುರು ಮಾಡಿದ್ದು ಇದು. ಕಷ್ಟದಲ್ಲಿರುವವರ ಮನೆಗೆ ನಾವೇ ಹೋಗಬೇಕು, ಅವರನ್ನು ನಮ್ಮ ಬಾಗಿಲಿಗೆ ಕರೆಸಬಾರದು. ಸಾಮಾನ್ಯವಾಗಿ ಇಬ್ಬರು ಇಬ್ಬರಾಗಿ ಹೋಗುತ್ತೇವೆ. ಯಾರ ಮನೆಗೆ ಹೋದೆವು ಅನ್ನೋದನ್ನು ಹೊರಗೆ ಆಡುವುದಿಲ್ಲ. ನಾನು ಹೋಗುವ ಕೆಲವು ಮನೆ ಯಾವುದು ಅಂತ ನನ್ನ ಹೆಂಡತಿಗೂ ಗೊತ್ತಿಲ್ಲ.

ಹಾಗಾಗಿ ಅನುಭವದ ಮೇಲೆ ಹೇಳುತ್ತೇನೆ, ಫೀಸ್ ಕಟ್ಟಿದವರನ್ನು ಹುಡುಕಬೇಡಿ. ಸಿಕ್ಕಿದರೆ ಅವರಿಗೆ ಮುಜುಗರ. ಆಮೇಲೆ ದಾರಿಯಲ್ಲಿ ನಿಮ್ಮನ್ನು ಕಂಡರೆ ಅವರೇ ತಪ್ಪಿಸಿಕೊಂಡು ಹೋಗುತ್ತಾರೆ. ನಾನು ಹಾಗೆ ಒಬ್ಬರ ಕಣ್ಣು ತಪ್ಪಿಸಿ ಓಡಾಡಿದ್ದು ಉಂಟು. ಅಷ್ಟೇ ದುಡ್ಡು ಕೂಡಿದಾಗ ಸಭಾಪಾಲಕರ ಕೈಗೆ ಕೊಟ್ಟು 'ಇನ್ನೊಂದು ಮಗುವಿನ ಫೀಸಿಗೆ' ಅನ್ನಿ. ಅವಸರ ಇಲ್ಲ. ಮೊದಲು ರಿಕ್ಷಾದ ಕಂತು.

ಹೆಸರು_ಬೇಡ ಬರೆದದ್ದು:

ಓದಿ ಖುಷಿ ಆಯ್ತು. ಜೊತೆಗೆ ಹೊಟ್ಟೆ ಉರಿಯೂ ಆಯ್ತು, ಸುಳ್ಳು ಯಾಕೆ ಹೇಳಲಿ. ನಮ್ಮ ತಂದೆ ತೀರಿಕೊಂಡಾಗ ನಮ್ಮ ಚರ್ಚಿನವರು ಮೊದಲು ಕೇಳಿದ್ದು ಬಾಕಿ ಇದ್ದ ಚಂದಾ. ಅದು ಕಟ್ಟಿ ರಸೀದಿ ತೋರಿಸಿದ ಮೇಲೆ ಸಮಾಧಿಗೆ ಜಾಗ. ಮಳೆಯಲ್ಲಿ ನನ್ನ ತಮ್ಮ ಎ.ಟಿ.ಎಂ. ಹುಡುಕಿಕೊಂಡು ಓಡಿದ. ಎಲ್ಲ ಕಡೆ ಡಬ್ಬಿ ಬರಲ್ಲ, ಅಷ್ಟು ಗೊತ್ತಿರಲಿ. ನಿಮ್ಮನ್ನು ಚುಚ್ಚಲು ಹೇಳಿದ್ದಲ್ಲ.

ಬಲ್ಮಠದಜ್ಜ ಬರೆದದ್ದು:

ಮೇಲೆ ಬರೆದವರ ನೋವು ನಿಜ. ಅಂಥದ್ದು ನಾನೂ ಕಣ್ಣಾರೆ ಕಂಡಿದ್ದೇನೆ. ಚಂದಾ ಲೆಕ್ಕ ಬರೆಯುವವರಿಗೆ ಸತ್ತ ಮನೆಯ ಬಾಗಿಲಲ್ಲಿ ಪುಸ್ತಕ ಮುಚ್ಚಿಡುವ ಬುದ್ಧಿ ಬೇಕು.

ರಿಕ್ಷಾ ತಮ್ಮಾ, ಒಂದು ಹಳೇ ಸಂಗತಿ. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಮಿಶನರಿ ಸಂಸ್ಥೆ ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಮಾತೆತ್ತಿದರೆ ಎಲ್ಲರೂ 1843ರ ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ', ಕಿಟೆಲರ ನಿಘಂಟು ಅಂತಾರೆ. ಸರಿ. ಆದರೆ ನಮ್ಮ ಹಿರಿಯರಿಗೆ ಪುಸ್ತಕಕ್ಕಿಂತ ಮೊದಲು ಬೇಕಾದದ್ದು ಅನ್ನ. ಕ್ರೈಸ್ತರಾದ ಕೂಡಲೇ ಮನೆಯವರು ಹೊರಗೆ ಹಾಕುತ್ತಿದ್ದರು. ಗೇಣಿ ಭೂಮಿ ಹೋಯಿತು, ಕುಲಕಸುಬು ಹೋಯಿತು. ಅವರಿಗೆ ಕೆಲಸ ಬೇಕು ಅಂತಲೇ ನೇಯ್ಗೆ ಶುರು ಮಾಡಿದರು. 1865ರಲ್ಲಿ ಪ್ಲೆಬ್ಸ್ಟ್ ಎಂಬ ಮಿಶನರಿ ಇಲ್ಲಿನ ಹೊಳೆಮಣ್ಣಿನಿಂದ ಹಂಚು ಮಾಡುವ ಕಾರ್ಖಾನೆ ತೆರೆದರು. ಹೆರಿಗೆಗೆ ಬರುವ ಅತ್ತೆ ಇಲ್ಲ, ಹೆಣ ಹೊರಲು ದಾಯಾದಿ ಇಲ್ಲ. ಆಗ ಚರ್ಚಿನಲ್ಲಿ ಪಕ್ಕದ ಬೆಂಚಿನವರೇ ಅತ್ತೆ, ಅವರೇ ದಾಯಾದಿ. ನಿಮ್ಮ ಮನೆಗೆ ಬಂದ ಸರದಿ ನೋಟ್‌ಬುಕ್ ಅಲ್ಲಿಂದ ಬಂದದ್ದು ಅಂತ ನನ್ನ ಲೆಕ್ಕ. ಅಜ್ಜಿಯಂದಿರ ಕಾಲದಲ್ಲಿ ನೋಟ್‌ಬುಕ್ ಇರಲಿಲ್ಲ, ಬಾಯಲ್ಲೇ ಇತ್ತು.

ನಿಮ್ಮ ಕಡೆ ಯಾರಾದರೂ ಹಂಚಿನ ಕಾರ್ಖಾನೆಯಲ್ಲಿ ಇದ್ದರಾ?

ಕುಡ್ಲದ_ರಿಕ್ಷಾ ಬರೆದದ್ದು:

ಎಲ್ಲರಿಗೂ ಥ್ಯಾಂಕ್ಸ್. ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ, ಬೇಜಾರು ಮಾಡಬೇಡಿ.

ಅಜ್ಜಾ, ನನ್ನ ಮುತ್ತಜ್ಜ ಹಂಚಿನ ಕಾರ್ಖಾನೆಯಲ್ಲೇ ಇದ್ದದ್ದು. ಅಂದರೆ ಅವರು ಅಂಥ ಹಂಚು ಮಾಡಿದರು, ನಾನು ಅಂಥ ಹಂಚಿನ ಮಾಡಿನಿಂದ ಬಿದ್ದೆ. ಇದನ್ನು ಸ್ಟ್ಯಾಂಡಿನಲ್ಲಿ ಹೇಳಿದೆ, ಇಡೀ ದಿನ ನಗಾಡಿದರು.

ಹೆಸರು ಬೇಡ ಅಂದವರಿಗೆ ಒಂದು ಮಾತು. ನಿಮ್ಮದು ಓದಿ ನನಗೂ ಹೆದರಿಕೆ ಆಯಿತು, ನನ್ನದು ಹದಿಮೂರು ವರ್ಷದ ಚಂದಾ ಬಾಕಿ. ಖಜಾಂಚಿಯನ್ನು ನಾನೇ ಕೇಳಿದೆ. 'ಈ ತಿಂಗಳಿಂದ ಶುರು ಮಾಡು, ಹಳೇ ಪುಸ್ತಕ ಗೆದ್ದಲು ತಿಂದಿದೆ' ಅಂದರು. ಪುಸ್ತಕ ಅವರ ಕಂಕುಳಲ್ಲೇ ಇತ್ತು. ನಿಮ್ಮ ತಮ್ಮ ಮಳೆಯಲ್ಲಿ ಓಡಿದ್ದು ಮಾತ್ರ ನನ್ನ ತಲೆಯಿಂದ ಹೋಗುತ್ತಿಲ್ಲ. ನಿಮಗೆ ಯಾರೂ ಕ್ಷಮೆ ಕೇಳಿಲ್ಲ ಅಂತ ಕಾಣುತ್ತದೆ.

ಭಾನುವಾರ ಮೂವರೂ ಹೋದೆವು. ಹೆಂಡತಿ ಬರುತ್ತಾಳೋ ಇಲ್ಲವೋ ಅಂತ ನಾನು ಕೇಳಿರಲಿಲ್ಲ. ಅವಳೇ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು, ಹಣೆಯಲ್ಲಿ ಎಂದಿನ ಕುಂಕುಮ. ಕೊನೇ ಬೆಂಚಿನಲ್ಲಿ ಕೂತೆವು. ಟೀಚರ್ ಹಿಂದೆ ತಿರುಗಿ ನೋಡಿ ಅವಳನ್ನು ಕೈಹಿಡಿದು ತಮ್ಮ ಬೆಂಚಿಗೆ ಕರೆದುಕೊಂಡು ಹೋದರು. ನನ್ನನ್ನು ಕರೆಯಲಿಲ್ಲ! ಹದಿಮೂರು ವರ್ಷದ ಹಿಂದೆ ಆ ಮಾತು ಅಂದ ಹಿರಿಯರು ಈಗಲೂ ಇದ್ದಾರೆ. ಕೋಲು ಊರಿಕೊಂಡು ಬಂದರು. ನನ್ನ ಕೈಯಲ್ಲೂ ಕೋಲು. ಇಬ್ಬರೂ ಒಬ್ಬರ ಕೋಲು ಒಬ್ಬರು ನೋಡಿಕೊಂಡು ನಿಂತೆವು. ಕ್ಷಮೆ ಗಿಮೆ ಏನೂ ಇಲ್ಲ. 'ಮೆಟ್ಟಿಲು ಇಳಿಯುವಾಗ ಜಾಗ್ರತೆ' ಅಂದರು, ಅಷ್ಟೇ. ನನಗೆ ಅಷ್ಟು ಸಾಕಿತ್ತೋ ಇಲ್ಲವೋ ಇನ್ನೂ ಗೊತ್ತಾಗಿಲ್ಲ.

ಕವರ್ ಹಾಕಿದೆ. ಮೇಲೆ 'ಒಂದು ಕುಟುಂಬ' ಅಂತಲೇ ಬರೆದದ್ದು. ಸಭಾಪಾಲಕರು ಓದುವಾಗ ಇಡೀ ಸಭೆ ತಿರುಗಿ ನನ್ನ ಕಾಲು ನೋಡಿತು.

ಡಬ್ಬಿಯಲ್ಲಿ ಹೆಂಡತಿ ಎಳ್ಳುಂಡೆ ತುಂಬಿಸಿದಳು. ಎರಡು ರಾತ್ರಿ ಕೂತು ಕಟ್ಟಿದಳು, ಮಗಳೂ ಕೈ ಸೇರಿಸಿದಳು. ಬೀಡಿ ಕಟ್ಟುವ ಕೈ, ಎಲ್ಲ ಉಂಡೆಯೂ ಒಂದೇ ಅಳತೆ. ಹೆಸರು ಸಿಗದ ಡಬ್ಬಿಯ ಗುಟ್ಟೂ ಬಯಲಾಯಿತು. ಅದು ಸಭೆಯವರದ್ದೇ ಅಲ್ಲ. ನಮಗೆ ಊಟ ಕಳಿಸಿದ ಒಬ್ಬರ ಪಕ್ಕದ ಮನೆಯ ಬ್ಯಾರಿ (ನಮ್ಮ ಕರಾವಳಿಯ ಮುಸ್ಲಿಂ) ಅಕ್ಕನದ್ದು. ಹಬ್ಬಕ್ಕೆ ತುಪ್ಪದನ್ನ ತುಂಬಿ ಇವರಿಗೆ ಕೊಟ್ಟಿದ್ದರಂತೆ, ಇವರು ಅದೇ ಡಬ್ಬಿಯಲ್ಲಿ ನಮಗೆ ಸಾರು ಕಳಿಸಿದ್ದರು. ಅಲ್ಲಿಗೂ ಎಳ್ಳುಂಡೆ ಹೋಯಿತು.

ಈಗ ಹೊಸ ಸಮಸ್ಯೆ. ಮೊನ್ನೆ ಬುಧವಾರ ಟೀಚರ್ ಪತ್ರೊಡೆ ತಂದುಕೊಟ್ಟರು. ನಿನ್ನೆ ಬ್ಯಾರಿ ಅಕ್ಕನ ಮಗ ಬೈಕಿನಲ್ಲಿ ಬಂದು ಅದೇ ಡಬ್ಬಿ ಕೊಟ್ಟು ಹೋದ, ಬಿಸಿ ಬಿಸಿ ಪತ್ತಿರ್ (ಅಕ್ಕಿ ರೊಟ್ಟಿ) ತುಂಬಿಸಿ. ಅಟ್ಟ ಖಾಲಿ ಮಾಡಿ ಇನ್ನೂ ವಾರ ಆಗಿಲ್ಲ ಮಾರಾಯ್ರೆ. ಹೆಂಡತಿ ಎಳ್ಳು ತರಲು ಹೇಳಿದ್ದಾಳೆ.