ಹಳೇ ಬಾಗಲಕೋಟೆಯಲ್ಲಿ ಹಿನ್ನೀರಿನ ಹತ್ತಿರ ಮನೆ: ಇಸಾರ (ಮುಂಗಡ) ಕೊಡೋ ಮೊದಲು ಏನು ನೋಡಬೇಕು?

ಪ್ರಶ್ನೆ
ನಮಸ್ಕಾರ್ರಿ. ಹಳೇ ಊರಾಗ ಒಂದು ಮನಿ ಮಾರಾಟಕ್ಕೈತಿ. ಪೇಟಿ, ಬಸ್‌ಸ್ಟ್ಯಾಂಡ್, ಸಾಲಿ ಎಲ್ಲಾ ನಡಕೊಂಡು ಹೋಗುವಷ್ಟು ಹತ್ರ, ಮಾಳಿಗಿ ಮ್ಯಾಲೆ ನಿಂತ್ರ ಹಿನ್ನೀರು ಕಾಣತೈತಿ. 40 ಲಕ್ಷ ಹೇಳ್ಯಾರ. ಉತಾರ (ಆಸ್ತಿ ದಾಖಲಿ), ಇ.ಸಿ. (ಋಣಭಾರ ಪತ್ರ) ಎರಡೂ ಸರಿ ಅದಾವ. "ಮುಳುಗಡಿ ಮಾತು ಹಳೇದು, ಏನೂ ಆಗಂಗಿಲ್ಲ" ಅಂತಾರ ಮಾಲಕರು. ಮುಂದುವರಿಬಹುದಾ?

ಉತ್ತರ 1
ಮೊದಲು ಆ ಮನೆಯ ಹೊಸ್ತಿಲು ಸಮುದ್ರ ಮಟ್ಟದಿಂದ ಎಷ್ಟು ಮೀಟರ್ ಎತ್ತರದಲ್ಲಿದೆ ಅಂತ ತಿಳ್ಕೊಳ್ರಿ. ಉಳಿದದ್ದೆಲ್ಲ ಆಮೇಲೆ. ಈ ಹಿನ್ನೀರು ಬರೋ ಆಲಮಟ್ಟಿ ಅಣೆಕಟ್ಟಿನಲ್ಲಿ ಈಗ ನೀರು ನಿಲ್ಲಿಸೋದು 519.60 ಮೀಟರ್‌ವರೆಗೆ. ಕೃಷ್ಣಾ ನದಿ ನೀರಿನ ಹಂಚಿಕೆ ತೀರ್ಮಾನಿಸೋ ಎರಡನೇ ನ್ಯಾಯಾಧಿಕರಣ 2010ರ ತೀರ್ಪಿನಲ್ಲಿ ಅದನ್ನು 524.256 ಮೀಟರ್‌ಗೆ ಏರಿಸಲು ಒಪ್ಪಿದೆ. ಊರಿನ ಮುಳುಗಡೆ ಲೆಕ್ಕ ನಡೆದದ್ದೂ 521, 523, 525 ಮೀಟರ್ ಅಂತ ಹಂತಹಂತವಾಗಿ. 525ರ ಒಳಗಿದ್ದರೆ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ಮೊಬೈಲ್ ತೋರಿಸೋ ಎತ್ತರ ನಂಬಬೇಡ್ರಿ, ಇಲ್ಲಿ ಒಂದೆರಡು ಮೀಟರ್‌ನಲ್ಲೇ ಮನೆಯ ಹಣೆಬರಹ ಬದಲಾಗುತ್ತದೆ. ಸರ್ವೇಯರ್ ಕರೆಸಿ, ಬೆಂಚ್‌ಮಾರ್ಕ್‌ನಿಂದ (ಎತ್ತರ ಗುರುತಿಸಿಟ್ಟ ಜಾಗ) ಆಟೋ ಲೆವೆಲ್ ಉಪಕರಣದಲ್ಲಿ ಅಳೆಸಿ ಹೊಸ್ತಿಲ ಮಟ್ಟ ಬರೆಸಿಕೊಳ್ರಿ.

ಇ.ಸಿ.ಯಲ್ಲಿ ಬರೋದು ನೋಂದಣಿಯಾದ ಕಾಗದ ಮಾತ್ರ. ಭೂಸ್ವಾಧೀನದ ಅಧಿಸೂಚನೆ ಅದರಲ್ಲಿ ಕಾಣದೇ ಹೋಗಬಹುದು. ಸಿಟಿಎಸ್ (ನಗರ ಸರ್ವೆ) ನಂಬರ್ ಹಾಕಿ ಭೂಸ್ವಾಧೀನಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಕೊಡ್ರಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಆಸ್ತಿ ಯಾವ ಮಟ್ಟದ ಪಟ್ಟಿಯಲ್ಲಿದೆ, ಅಧಿಸೂಚನೆ ಆಗಿದೆಯೇ, ಪರಿಹಾರ ಪಾವತಿಯಾಗಿದೆಯೇ ಅಂತ ಕೇಳ್ರಿ. ಪರಿಹಾರ ಎತ್ತಿ ಸ್ವಾಧೀನ ಮುಗಿದ ಮನೆ ಸರ್ಕಾರದ್ದು. ಜನ ಅಲ್ಲೇ ವಾಸ ಇದ್ದರೂ ಅದನ್ನು ಮಾರುವ ಹಕ್ಕು ಯಾರಿಗೂ ಇಲ್ಲ.

ಉತ್ತರ 2
"ಮುಳುಗಿದರೆ ಪರಿಹಾರ ನನಗೇ ಬರುತ್ತದೆ" ಅನ್ನೋ ಲೆಕ್ಕದಲ್ಲಿ ಕೊಳ್ಳುವವರೂ ಇದ್ದಾರೆ. ಅದು ದೊಡ್ಡ ತಪ್ಪು. 2013ರ ಭೂಸ್ವಾಧೀನ ಕಾಯ್ದೆಯ 11(4)ನೇ ಕಲಂ ಪ್ರಕಾರ ಪ್ರಾಥಮಿಕ ಅಧಿಸೂಚನೆ ಆದಮೇಲೆ ಆ ಆಸ್ತಿಯ ವ್ಯವಹಾರವನ್ನೇ ಮಾಡುವ ಹಾಗಿಲ್ಲ. ಪಟ್ಟಣದಲ್ಲಿ ವಾಸದ ಆಧಾರದ ಮೇಲೆ ಸಂತ್ರಸ್ತ ಕುಟುಂಬ ಅನ್ನಿಸಿಕೊಳ್ಳೋದಕ್ಕೆ ಸ್ವಾಧೀನಕ್ಕೆ ಮೊದಲು ಕನಿಷ್ಠ ಮೂರು ವರ್ಷ ಅಲ್ಲಿದ್ದಿರಬೇಕು. ಹೊಸದಾಗಿ ಬಂದವರು ಪುನರ್ವಸತಿ ನಿವೇಶನ ನೆಚ್ಚಿಕೊಂಡು ದುಡ್ಡು ಹಾಕಬಾರದು.

ಮುಳುಗಡೆಯಾದವರಿಗೆ ಕಟ್ಟಿದ ನವನಗರದ ಕಡೆ ಹೊರಳಿದರೆ ಅಲ್ಲೂ ಹಂಚಿಕೆ ಪತ್ರದ ಷರತ್ತು ಪೂರ್ತಿ ಓದ್ರಿ, ಪರಭಾರೆ (ಮಾರಾಟ) ನಿರ್ಬಂಧ ಇನ್ನೂ ಇದೆಯೋ ಏನೋ.

ಉತ್ತರ 3
ಮಟ್ಟ ಸರಿ ಇದ್ರೆ ಮನೆಯನ್ನ ಎರಡು ಸಲ ನೋಡ್ರಿ: ಜಲಾಶಯ ತುಂಬಿರೋ ಸೆಪ್ಟೆಂಬರ್-ಅಕ್ಟೋಬರ್‌ನಲ್ಲೊಮ್ಮೆ, ಮೇನಲ್ಲೊಮ್ಮೆ. ನೆಲದಿಂದ ಮೂರು ಅಡಿವರೆಗೆ ಗೋಡೆ ಮೇಲೆ ಬಿಳಿ ಉಪ್ಪು ಎದ್ದು, ಬೆರಳಿಂದ ಕೆರೆದರೆ ಗಿಲಾವು ಪುಡಿಪುಡಿಯಾಗಿ ಬೀಳುತ್ತಿದ್ದರೆ ಪಾಯದಿಂದ ಹಸಿ ಏರುತ್ತಿದೆ ಅಂತ ಅರ್ಥ. ಬಣ್ಣ ಹೊಡೆಸಿದರೆ ಅದು ಹೋಗೋದಿಲ್ಲ. ಎರೆಮಣ್ಣಿನ ಪಾಯ ಆದರೆ ಬಾಗಿಲು ಚೌಕಟ್ಟಿನ ಮೂಲೆಯಿಂದ ಓರೆ ಬಿರುಕು ಬಿಟ್ಟಿರುತ್ತದೆ, ಅದನ್ನೂ ನೋಡ್ರಿ. ಹಳೇ ಮನೆಯಾದರೆ ಹಗೇವು (ನೆಲದೊಳಗೆ ಕಾಳು ತುಂಬಿಡೋ ಗುಂಡಿ) ಇದೆಯಾ ಅಂತ ಕೇಳಲೇಬೇಕು. ಮುಚ್ಚದೆ ಬಿಟ್ಟ ಹಗೇವಿಗೆ ನೀರು ಇಳಿದರೆ ಮೇಲಿನ ನೆಲವೇ ಕುಸಿಯುತ್ತದೆ.

ಖರ್ಚಿನ ಲೆಕ್ಕ: ಮುದ್ರಾಂಕ ಶೇ 5, ಅದರ ಮೇಲೆ ಸೆಸ್, ಸರ್ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. 40 ಲಕ್ಷಕ್ಕೆ ಒಟ್ಟು 3,04,000 ರೂಪಾಯಿ. ನಗರಸಭೆಯ ಇ-ಖಾತಾ (ಆನ್‌ಲೈನ್ ಆಸ್ತಿ ದಾಖಲೆ) ಇಲ್ಲದೆ ನೋಂದಣಿ ಆಗೋದಿಲ್ಲ, ಅದು ಮಾರುವವರ ಹೆಸರಲ್ಲೇ ಇರಲಿ.

ಪ್ರಶ್ನೆ ಕೇಳಿದವರು
ಭಾಳ ಉಪಕಾರ ಆತ್ರಿ. ಸೋಮವಾರ ಅರ್ಜಿ ಹಾಕ್ತೀನಿ. ಉತ್ತರ ಬರೂತನಕ ಸಣ್ಣ ಇಸಾರ ಕೊಟ್ಟು ಹಿಡಿದಿಡಲೇನ್ರಿ?

ಉತ್ತರ 1
ಕೊಡಲೇಬೇಕಾದರೆ ಕರಾರಿನಲ್ಲಿ ಒಂದು ಸಾಲು ಹಾಕಿಸ್ರಿ: ಆಸ್ತಿ 525 ಮೀಟರ್ ಒಳಗೆ ಬಂದರೆ ಅಥವಾ ಅಧಿಸೂಚನೆಯಲ್ಲಿದ್ದರೆ ಇಸಾರ ಪೂರ್ತಿ ವಾಪಸ್. ಮಾಲಕರು ಅದಕ್ಕೆ ಸಹಿ ಹಾಕಲು ಹಿಂದೇಟು ಹಾಕಿದರೆ ಆ ಮನೆ ಬಿಟ್ಟುಬಿಡ್ರಿ.